ವಿಷುಯಲ್ ಸ್ಟುಡಿಯೋ 2022: ಟೆಂಪ್ಲೇಟ್ ಕಾಣಿಸುತ್ತಿಲ್ಲ, ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಆಗುತ್ತಿಲ್ಲ. ಲ್ಯಾಬ್‌ನಲ್ಲಿ 30 ಸಿಸ್ಟಂ, ಸೋಮವಾರ ಕ್ಲಾಸ್

ಲ್ಯಾಬ್_ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಡಿಪ್ಲೊಮಾ ಮಕ್ಕಳಿಗೆ ವಿಷುಯಲ್ ಸ್ಟುಡಿಯೋ ಅನ್ನುವ ಕೋಡ್ ಬರೆಯುವ ಸಾಫ್ಟ್‌ವೇರ್‌ನಲ್ಲಿ ಸಿ ಶಾರ್ಪ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಬಹಳ ಮಕ್ಕಳು ಕನ್ನಡ ಮಾಧ್ಯಮದಿಂದ ಬಂದವರು. ಖಾಲಿ ಪ್ರಾಜೆಕ್ಟ್ ತೆರೆದ ಕೂಡಲೇ ಗಾಬರಿಯಾಗುತ್ತಾರೆ. ಅದಕ್ಕೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಕನ್ಸೋಲ್ ಪ್ರಾಜೆಕ್ಟ್ ಮಾಡಿ, ಎಲ್ಲಿ ಏನು ಬರೆಯಬೇಕು ಅಂತ ಕನ್ನಡದಲ್ಲೇ ಕಾಮೆಂಟ್ ಹಾಕಿ, ಪ್ರಾಜೆಕ್ಟ್ ಮೆನುವಿನ ಎಕ್ಸ್‌ಪೋರ್ಟ್ ಟೆಂಪ್ಲೇಟ್‌ನಿಂದ ಟೆಂಪ್ಲೇಟ್ (ಹೊಸ ಪ್ರಾಜೆಕ್ಟ್‌ಗೆ ಮಾದರಿ) ಆಗಿ ಜಿಪ್ ತೆಗೆದೆ. ನನ್ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ.

ಲ್ಯಾಬ್‌ನಲ್ಲಿ ಮೂರು ತೊಂದರೆ. ಒಂದು, ಅದೇ ಜಿಪ್ ಕಾಪಿ ಮಾಡಿದರೆ ಹೊಸ ಪ್ರಾಜೆಕ್ಟ್ ಪಟ್ಟಿಯಲ್ಲಿ ಟೆಂಪ್ಲೇಟ್ ಬರುವುದೇ ಇಲ್ಲ. ಎರಡು, ಕೋಡ್ ಅಲೈನ್ ಮಾಡುವ ಒಂದು ಎಕ್ಸ್‌ಟೆನ್ಶನ್ (ಹೆಚ್ಚುವರಿ ಸೌಲಭ್ಯ ಸೇರಿಸುವ ಪ್ರೋಗ್ರಾಂ) ಇದೆ, ವಿಷುಯಲ್ ಸ್ಟುಡಿಯೋ 2019ರಲ್ಲಿ ಬಳಸುತ್ತಿದ್ದೆವು. ಅದನ್ನು ಇನ್‌ಸ್ಟಾಲ್ ಮಾಡುವ ವಿಎಸ್‌ಐಎಕ್ಸ್ ಫೈಲ್ ಡಬಲ್ ಕ್ಲಿಕ್ ಮಾಡಿದರೆ ನಿಮ್ಮಲ್ಲಿರುವ ಯಾವ ಪ್ರಾಡಕ್ಟ್‌ಗೂ ಇದನ್ನು ಹಾಕಲು ಆಗುವುದಿಲ್ಲ ಅಂತ ಬರುತ್ತದೆ. ಮೂರು, ಇನ್ನೊಂದು ಎಕ್ಸ್‌ಟೆನ್ಶನ್ ಎಲ್ಲ ಕಡೆ ಹತ್ತಿತು, ಆದರೆ ಕಿಟಕಿ ಪಕ್ಕದ ಒಂದೇ ಒಂದು ಸಿಸ್ಟಂನಲ್ಲಿ ಹಾಕಿದ್ದರೂ ಕಾಣಿಸುತ್ತಿಲ್ಲ.

ಎರಡು ಸಿಸ್ಟಂನಲ್ಲಿ ವಿಷುಯಲ್ ಸ್ಟುಡಿಯೋ ಪೂರ್ತಿ ತೆಗೆದು ಮತ್ತೆ ಹಾಕಿದೆ. ನಿನ್ನೆ ಮಧ್ಯಾಹ್ನವೆಲ್ಲ ಅದಕ್ಕೇ ಹೋಯಿತು, ಕೊನೆಗೆ ಹಾಗೇ ಇದೆ. ಲ್ಯಾಬ್‌ನಲ್ಲಿ ಇಂಟರ್ನೆಟ್ ಪ್ರಾಕ್ಸಿ (ನಡುವೆ ಕೂತಿರುವ ಕಾಲೇಜಿನ ಸರ್ವರ್) ಮೂಲಕ, ಅದೂ ಎಲ್ಲ ಸೈಟ್ ತೆರೆಯುವುದಿಲ್ಲ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ತುಂಗೆಯ_ದಡ:
ಮೇಡಂ, ಮೊದಲು ಒಂದು ಮಾತು. ಇನ್ನು ಮುಂದೆ ಒಂದು ಸಿಸ್ಟಂನಲ್ಲೂ ರೀಇನ್‌ಸ್ಟಾಲ್ ಮಾಡಬೇಡಿ. ಏನೇ ತೊಂದರೆ ಹೇಳಿದರೂ "ತೆಗೆದು ಮತ್ತೆ ಹಾಕಿ" ಅಂತ ಸಲಹೆ ಕೊಡುವವರು ಎಲ್ಲ ಕಡೆ ಇದ್ದಾರೆ, ನನಗೆ ಅದು ಬಹಳ ಬೇಸರ ತರಿಸುತ್ತದೆ. ನಿಮ್ಮ ಮೂರೂ ತೊಂದರೆ ಬೇರೆ ಬೇರೆ. ಮೂರರಲ್ಲಿ ಯಾವುದೂ ವಿಷುಯಲ್ ಸ್ಟುಡಿಯೋ ಕೆಟ್ಟಿದ್ದರಿಂದ ಬಂದದ್ದಲ್ಲ.

ಎರಡನೆಯದನ್ನು ಮೊದಲು ಹೇಳುತ್ತೇನೆ, ಅದು ಖಚಿತ. ಹೊರಗೆ 2019, 2022 ಅಂತ ಹೆಸರಿದ್ದರೂ ಒಳಗಿನ ನಂಬರ್ ಬೇರೆ. 2017 ಅಂದರೆ 15, 2019 ಅಂದರೆ 16, 2022 ಅಂದರೆ 17. ಜೊತೆಗೆ 2022ರಿಂದ ವಿಷುಯಲ್ ಸ್ಟುಡಿಯೋ 64 ಬಿಟ್ ಆಯಿತು, ಅದಕ್ಕೆ ಮುಂಚಿನದೆಲ್ಲ 32 ಬಿಟ್. ಹಾಗಾಗಿ 2019ಕ್ಕೆ ಅಂತ ಮಾಡಿದ ಎಕ್ಸ್‌ಟೆನ್ಶನ್ ಇಲ್ಲಿ ಹತ್ತುವುದಿಲ್ಲ. ನೀವೇ ಕಣ್ಣಾರೆ ನೋಡಬಹುದು. ವಿಎಸ್‌ಐಎಕ್ಸ್ ಅಂದರೆ ಒಂದು ಜಿಪ್ ಫೈಲೇ. ಒಂದು ಕಾಪಿ ಮಾಡಿ, ಕೊನೆಯ ಹೆಸರು ಜಿಪ್ ಅಂತ ಬದಲಾಯಿಸಿ ತೆರೆಯಿರಿ. ಒಳಗೆ ಎಕ್ಸ್‌ಟೆನ್ಶನ್ ಡಾಟ್ ವಿಎಸ್‌ಐಎಕ್ಸ್‌ಮ್ಯಾನಿಫೆಸ್ಟ್ ಅಂತ ಇರುತ್ತದೆ, ನೋಟ್‌ಪ್ಯಾಡ್‌ನಲ್ಲೇ ಓದಬಹುದು. ಅದರಲ್ಲಿ ಇನ್‌ಸ್ಟಾಲೇಶನ್ ಟಾರ್ಗೆಟ್ ಅನ್ನುವ ಸಾಲಿನಲ್ಲಿ ವರ್ಷನ್ ಇರುತ್ತದೆ. ನಿಮ್ಮದರಲ್ಲಿ 16.0ರಿಂದ 17.0ರ ಒಳಗೆ ಅಂತ ಇರಬೇಕು. 2022ಕ್ಕೆ ಮಾಡಿದ್ದರಲ್ಲಿ 17.0ರಿಂದ ಶುರುವಾಗಿ, ಪ್ರಾಡಕ್ಟ್ ಆರ್ಕಿಟೆಕ್ಚರ್ ಎಎಂಡಿ64 ಅಂತಲೂ ಬರೆದಿರುತ್ತದೆ.

ಆ ನಂಬರ್ ಕೈಯಿಂದ ತಿದ್ದಿ ಹಾಕಬೇಡಿ. ಹಾಗೆ ಮಾಡಿ ಹತ್ತಿಸಿದವರು ಇದ್ದಾರೆ. ಹತ್ತಿದರೂ ಒಳಗಿನ ಕೋಡ್ ಹಳೆಯದೇ ಅಲ್ವಾ, ಆಮೇಲೆ ತೆರೆದಾಗಲೆಲ್ಲ ಪ್ಯಾಕೇಜ್ ಲೋಡ್ ಆಗಲಿಲ್ಲ ಅಂತ ಹೇಳುತ್ತಲೇ ಇರುತ್ತದೆ. ಅದೇ ಲೇಖಕರು 2022ಕ್ಕೆ ಬೇರೆ ಫೈಲ್ ಬಿಟ್ಟಿದ್ದಾರಾ ನೋಡಿ. ಬಹಳ ಜನ ಹೆಸರಿನ ಮುಂದೆ 2022 ಅಥವಾ 64 ಬಿಟ್ ಅಂತ ಸೇರಿಸಿ ಪ್ರತ್ಯೇಕವಾಗಿ ಹಾಕಿದ್ದಾರೆ.

ಮೂರನೆಯದಕ್ಕೆ ಲಾಗ್ (ಇನ್‌ಸ್ಟಾಲ್ ಮಾಡುವಾಗ ಏನೇನಾಯಿತು ಅಂತ ಬರೆದಿಡುವ ಫೈಲ್) ಬೇಕು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಪರ್ಸೆಂಟ್ ಗುರುತಿನ ನಡುವೆ ಟೆಂಪ್ ಅಂತ ಬರೆದು ಎಂಟರ್ ಮಾಡಿ. ಡಿಡಿ ಅಂಡರ್‌ಸ್ಕೋರ್ ವಿಎಸ್‌ಐಎಕ್ಸ್‌ಇನ್‌ಸ್ಟಾಲರ್ ಅಂತ ಶುರುವಾಗುವ ಫೈಲ್‌ಗಳು ಸಿಗುತ್ತವೆ. ತಾರೀಖಿನ ಪ್ರಕಾರ ಜೋಡಿಸಿ, ಇತ್ತೀಚಿನದನ್ನು ತೆರೆದು ಕೆಳಗಿನಿಂದ ಮೇಲಕ್ಕೆ ಓದಿ. ಮೇಲಿಂದ ಓದಿದರೆ ಸುಮ್ನೆ ತಲೆ ಕೆಡುತ್ತದೆ.

ಟೆಂಪ್ಲೇಟ್ ವಿಷಯಕ್ಕೆ ಎರಡು ಪ್ರಶ್ನೆ. ಜಿಪ್ ಎಲ್ಲಿ ಇಟ್ಟಿರಿ? ಯಾವ ಲಾಗಿನ್‌ನಲ್ಲಿ ಇದ್ದಾಗ ಇಟ್ಟಿರಿ?

ಲ್ಯಾಬ್_ಟೀಚರ್:
ತುಂಬಾ ಥ್ಯಾಂಕ್ಸ್ ಸರ್. ನೀವು ಹೇಳಿದ ಹಾಗೆಯೇ ತೆರೆದು ನೋಡಿದೆ, 16.0ರಿಂದ 17.0 ಅಂತಲೇ ಇತ್ತು. ಇಷ್ಟು ದಿನ ಆ ಫೈಲ್ ಒಳಗೆ ನೋಡಬಹುದು ಅಂತಲೇ ನನಗೆ ಗೊತ್ತಿರಲಿಲ್ಲ. 2022ರದ್ದು ಬೇರೆ ಸಿಕ್ಕಿತು, ಹತ್ತಿತು.

ಕಿಟಕಿ ಪಕ್ಕದ ಸಿಸ್ಟಂ ಕೂಡ ಗೊತ್ತಾಯಿತು. ಲಾಗ್‌ನ ಕೊನೆಯಲ್ಲಿ ಡೆವ್‌ಎನ್‌ವ್ (ಅಂದರೆ ವಿಷುಯಲ್ ಸ್ಟುಡಿಯೋವೇ) ಇನ್ನೂ ಓಡುತ್ತಿದೆ, ಅದು ಮುಚ್ಚಲಿ ಅಂತ ಕಾಯುತ್ತಿದ್ದ ಸಾಲು ಇತ್ತು. ಯಾರೋ ಹುಡುಗ ಇನ್ನೊಂದು ವಿಂಡೋ ಮಿನಿಮೈಸ್ ಮಾಡಿ ಎದ್ದು ಹೋಗಿದ್ದ. ಎಲ್ಲ ಮುಚ್ಚಿ ಮತ್ತೆ ಹಾಕಿದೆ, ಬಂತು.

ಜಿಪ್ ಇಟ್ಟಿದ್ದು ಡಾಕ್ಯುಮೆಂಟ್ಸ್ ಒಳಗಿನ ವಿಷುಯಲ್ ಸ್ಟುಡಿಯೋ 2022, ಅದರೊಳಗೆ ಟೆಂಪ್ಲೇಟ್ಸ್, ಅದರೊಳಗೆ ಪ್ರಾಜೆಕ್ಟ್‌ಟೆಂಪ್ಲೇಟ್ಸ್. ಇಟ್ಟಿದ್ದು ಅಡ್ಮಿನ್ ಲಾಗಿನ್‌ನಲ್ಲಿ. ಮಕ್ಕಳು ಕೂರುವುದು ಸ್ಟೂಡೆಂಟ್ ಅನ್ನುವ ಲಾಗಿನ್‌ನಲ್ಲಿ. ಇದೇ ಕಾರಣವಾ?

ಕಾಫಿ_ಕೋಡ್:
ಇದೇ ಕಾರಣ ಮೇಡಂ. ಡಾಕ್ಯುಮೆಂಟ್ಸ್ ಅನ್ನುವುದು ಒಬ್ಬೊಬ್ಬ ಬಳಕೆದಾರರಿಗೆ ಒಂದೊಂದು. ಅಡ್ಮಿನ್ ಮನೆಯಲ್ಲಿ ಇಟ್ಟ ಪಾತ್ರೆ ಸ್ಟೂಡೆಂಟ್ ಮನೆಯಲ್ಲಿ ಸಿಗುವುದಿಲ್ಲ. ಸ್ಟೂಡೆಂಟ್ ಲಾಗಿನ್‌ನಲ್ಲಿ ಹೋಗಿ ಅಲ್ಲಿನ ಫೋಲ್ಡರ್‌ಗೆ ಹಾಕಿ.

ಇನ್ನೂ ಎರಡು ಮೂರು ಕಡೆ ಕಾಲು ಜಾರಬಹುದು, ನಾನು ಅನುಭವಿಸಿದ್ದೇ ಹೇಳುತ್ತೇನೆ.

ನನ್ನ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಒನ್‌ಡ್ರೈವ್ ಆನ್ ಮಾಡಿದ ಮೇಲೆ ಡಾಕ್ಯುಮೆಂಟ್ಸ್ ಫೋಲ್ಡರ್ ಅದರೊಳಗೆ ಹೋಗಿಬಿಟ್ಟಿತ್ತು. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ನನಗೆ ಕಾಣುತ್ತಿದ್ದ ಡಾಕ್ಯುಮೆಂಟ್ಸ್ ಒಂದು, ವಿಷುಯಲ್ ಸ್ಟುಡಿಯೋ ಹುಡುಕುತ್ತಿದ್ದದ್ದು ಇನ್ನೊಂದು. ಎರಡು ದಿನ ಹೊಸ ಜಿಪ್ ಹಾಕುತ್ತಲೇ ಇದ್ದೆ, ಅದು ಹಳೆಯ ಜಾಗ ನೋಡುತ್ತಲೇ ಇತ್ತು. ಆಮೇಲೆ ಗೊತ್ತಾಯಿತು, ಟೂಲ್ಸ್, ಆಪ್ಷನ್ಸ್, ಪ್ರಾಜೆಕ್ಟ್ಸ್ ಆಂಡ್ ಸಲ್ಯೂಷನ್ಸ್, ಲೊಕೇಶನ್ಸ್ ಅಂತ ಹೋದರೆ ಬಳಕೆದಾರರ ಪ್ರಾಜೆಕ್ಟ್ ಟೆಂಪ್ಲೇಟ್ ಯಾವ ಫೋಲ್ಡರ್‌ನಲ್ಲಿದೆ ಅಂತ ಬರೆದೇ ಇದೆ. ಆ ದಾರಿಯನ್ನು ಅಲ್ಲಿಂದಲೇ ಕಾಪಿ ಮಾಡಿ ಎಕ್ಸ್‌ಪ್ಲೋರರ್‌ನಲ್ಲಿ ಅಂಟಿಸಿ. ಊಹೆ ಮಾಡಿ ಹೋಗಬೇಡಿ.

ಇನ್ನೊಂದು, ಹೊಸ ಪ್ರಾಜೆಕ್ಟ್ ಪರದೆಯ ಮೇಲ್ಭಾಗದಲ್ಲಿ ಭಾಷೆ, ಪ್ಲಾಟ್‌ಫಾರ್ಮ್, ಪ್ರಾಜೆಕ್ಟ್ ಬಗೆ ಅಂತ ಮೂರು ಫಿಲ್ಟರ್ ಇವೆ. ಹಿಂದೆ ಆರಿಸಿದ್ದು ಅಲ್ಲೇ ಉಳಿದಿರುತ್ತದೆ. ನಾವು ಎಕ್ಸ್‌ಪೋರ್ಟ್ ಮಾಡಿದ ಟೆಂಪ್ಲೇಟ್‌ಗೆ ಅದಕ್ಕೆ ಬೇಕಾದ ಟ್ಯಾಗ್ ಇರುವುದಿಲ್ಲ, ಹಾಗಾಗಿ ಫಿಲ್ಟರ್ ಹಾಕಿದ್ದರೆ ಅಡಗಿಕೊಳ್ಳುತ್ತದೆ. ಮೂರನ್ನೂ ಆಲ್‌ಗೆ ಇಟ್ಟು, ಹೆಸರು ಟೈಪ್ ಮಾಡಿ ಹುಡುಕಿ.

ಕೊನೆಯದು ಜಿಪ್. ಎಕ್ಸ್‌ಪೋರ್ಟ್ ಆದ ಜಿಪ್ ಅನ್ನು ನೀವು ಬಿಚ್ಚಿ ಮತ್ತೆ ಜಿಪ್ ಮಾಡಿದಿರಾ?

ಲ್ಯಾಬ್_ಟೀಚರ್:
ಹೌದು, ಮಾಡಿದೆ. ಎರಡು ಕಾಮೆಂಟ್ ತಿದ್ದುವುದಿತ್ತು. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಜಿಪ್ ಮಾಡಿದೆ. ಅದರಲ್ಲಿ ತಪ್ಪೇನಿದೆ?

ಕಾಫಿ_ಕೋಡ್:
ಅದೇ ಗಂಟು. ಜಿಪ್ ಡಬಲ್ ಕ್ಲಿಕ್ ಮಾಡಿದ ಕೂಡಲೇ ಮೊದಲ ಪರದೆಯಲ್ಲೇ ವಿಎಸ್‌ಟೆಂಪ್ಲೇಟ್ ಅಂತ ಕೊನೆಯಾಗುವ ಫೈಲ್ ಕಾಣಬೇಕು. ನೀವು ಫೋಲ್ಡರ್ ಅನ್ನೇ ಜಿಪ್ ಮಾಡಿದಿರಿ, ಹಾಗಾಗಿ ಜಿಪ್ ತೆರೆದರೆ ಒಂದು ಹಳದಿ ಫೋಲ್ಡರ್, ಅದರೊಳಗೆ ಹೋದರೆ ಫೈಲ್‌ಗಳು. ವಿಷುಯಲ್ ಸ್ಟುಡಿಯೋ ಅಷ್ಟು ಒಳಗೆ ಇಳಿದು ಹುಡುಕುವುದಿಲ್ಲ, ಎರರ್ ಕೂಡ ಕೊಡುವುದಿಲ್ಲ. ಸುಮ್ಮನೆ ಬಿಟ್ಟುಬಿಡುತ್ತದೆ. ಫೋಲ್ಡರ್ ಒಳಗೆ ಹೋಗಿ, ಎಲ್ಲ ಫೈಲ್ ಸೆಲೆಕ್ಟ್ ಮಾಡಿ, ಆಮೇಲೆ ಜಿಪ್ ಮಾಡಿ.

ಕನ್ನಡ ಕಾಮೆಂಟ್ ಇರುವ ಫೈಲ್ ಯುಟಿಎಫ್-8 ಅನ್ನುವ ಅಕ್ಷರ ಉಳಿಸುವ ರೀತಿಯಲ್ಲೇ ಸೇವ್ ಆಗಿದೆಯಾ ಅಂತಲೂ ನೋಡಿಕೊಳ್ಳಿ. ಆನ್ಸಿ ಅಂತ ಸೇವ್ ಆದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತವೆ, ಆಮೇಲೆ ವಾಪಸ್ ಬರುವುದಿಲ್ಲ.

ಫೈನಲ್_ಇಯರ್:
ಅಣ್ಣ, ಇದೇ ಜಾಗದಲ್ಲಿ ನನ್ನದೂ ಒಂದು ಕೇಳಬಹುದಾ? ನಮ್ಮ ಕಾಲೇಜಿನಲ್ಲಿ ವಿಎಸ್ ಕೋಡ್, ವಿಷುಯಲ್ ಸ್ಟುಡಿಯೋ ಅಲ್ಲ, ಅದು ಬೇರೆ ಎಡಿಟರ್. ಎಕ್ಸ್‌ಟೆನ್ಶನ್ ಪಟ್ಟಿಯೇ ತೆರೆಯುವುದಿಲ್ಲ, ಸರ್ಟಿಫಿಕೇಟ್ ಬಗ್ಗೆ ಏನೋ ಎರರ್. ಸೀನಿಯರ್ ಒಬ್ಬರು ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಸ್ಟ್ರಿಕ್ಟ್ ಎಸ್‌ಎಸ್‌ಎಲ್ (ಸರ್ಟಿಫಿಕೇಟ್ ತಪಾಸಣೆ) ಆಫ್ ಮಾಡು ಅಂದರು. ಮನೆಯಿಂದ ಸಿ ಶಾರ್ಪ್ ಡೆವ್ ಕಿಟ್ ಅನ್ನುವ ಎಕ್ಸ್‌ಟೆನ್ಶನ್‌ನ ವಿಎಸ್‌ಐಎಕ್ಸ್ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದೆ, ಅದೂ ಆಗಲಿಲ್ಲ.

ಮ್ಯೂನಿಕ್_ಕನ್ನಡಿಗ:
ತಮ್ಮಾ, ಆ ಸೆಟ್ಟಿಂಗ್ ಆಫ್ ಮಾಡಬೇಡ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಇದನ್ನೇ ಸುಲಭದ ದಾರಿ ಅಂತ ಹೇಳಿಕೊಡುತ್ತಾರೆ. ಕಾಲೇಜು, ಕಂಪನಿಗಳ ಪ್ರಾಕ್ಸಿ ಬಹಳ ಕಡೆ ಎಚ್‌ಟಿಟಿಪಿಎಸ್ ಸಂಪರ್ಕವನ್ನು ನಡುವೆ ಬಿಚ್ಚಿ, ನೋಡಿ, ತನ್ನದೇ ಸರ್ಟಿಫಿಕೇಟ್ (ಗುರುತಿನ ಪತ್ರ) ಹಾಕಿ ಮತ್ತೆ ಕಟ್ಟಿ ಕಳಿಸುತ್ತದೆ. ನಿನ್ನ ಸಿಸ್ಟಂಗೆ ಆ ಸರ್ಟಿಫಿಕೇಟ್ ಗುರುತಿಲ್ಲ, ಅದಕ್ಕೆ ಎರರ್. ನೆಟ್‌ವರ್ಕ್ ನೋಡಿಕೊಳ್ಳುವವರ ಹತ್ತಿರ ಪ್ರಾಕ್ಸಿಯ ರೂಟ್ ಸರ್ಟಿಫಿಕೇಟ್ ಕೇಳಿ ವಿಂಡೋಸ್‌ನಲ್ಲಿ ಸೇರಿಸಿಕೋ. ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಪ್ಯಾಕೇಜ್ ತರುವ ಟೂಲ್) ಕೂಡ ಇದೇ ಎರರ್ ಕೊಡುತ್ತಿದ್ದರೆ ನೋಡ್ ಎಕ್ಸ್‌ಟ್ರಾ ಸಿಎ ಸರ್ಟ್ಸ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯೆಬಲ್‌ಗೆ ಅದೇ ಫೈಲಿನ ದಾರಿ ಕೊಡಬಹುದು, ಅದಕ್ಕೆ ಪಿಇಎಂ ರೂಪದ ಫೈಲ್ ಬೇಕು.

ತಪಾಸಣೆಯನ್ನೇ ಆಫ್ ಮಾಡಿದರೆ ನಡುವೆ ಯಾರು ಕೂತು ಏನು ಕಳಿಸಿದರೂ ವಿಎಸ್ ಕೋಡ್ ಒಪ್ಪಿಕೊಳ್ಳುತ್ತದೆ. ಎಕ್ಸ್‌ಟೆನ್ಶನ್ ಅಂದರೆ ಬರೀ ಬಣ್ಣ, ಐಕಾನ್ ಅಲ್ಲ. ಅದು ನಿನ್ನ ಹೆಸರಿನಲ್ಲಿ ಓಡುವ ಪ್ರೋಗ್ರಾಂ. ನಿನ್ನ ಫೈಲ್ ಓದಬಲ್ಲದು, ಹೊರಗೆ ಕಳಿಸಬಲ್ಲದು.

ಪೆನ್‌ಡ್ರೈವ್ ದಾರಿ ಸರಿಯೇ ಇದೆ, ಆದರೆ ಡೆವ್ ಕಿಟ್ ಒಂದೇ ತಂದರೆ ಸಾಲದು. ಅದು ಸಿ ಶಾರ್ಪ್ ಎಕ್ಸ್‌ಟೆನ್ಶನ್ ಮೇಲೆ ನಿಂತಿದೆ, ಅದು ಡಾಟ್‌ನೆಟ್ ಇನ್‌ಸ್ಟಾಲ್ ಟೂಲ್ ಮೇಲೆ ನಿಂತಿದೆ. ಇಂಟರ್ನೆಟ್ ಇದ್ದರೆ ಒಂದರ ಹಿಂದೆ ಒಂದು ತಾನೇ ಬರುತ್ತವೆ, ಇಲ್ಲದಿದ್ದರೆ ಮೂರನ್ನೂ ನೀನೇ ತರಬೇಕು, ಕೆಳಗಿನದರಿಂದ ಹಾಕುತ್ತಾ ಬರಬೇಕು. ಸಿ ಶಾರ್ಪ್‌ನದು ಒಂದೊಂದು ಪ್ಲಾಟ್‌ಫಾರ್ಮ್‌ಗೆ ಒಂದೊಂದು ಫೈಲ್. ಮನೆಯಲ್ಲಿ ಮ್ಯಾಕ್‌ಬುಕ್ ಇದ್ದು ಕಾಲೇಜಿನಲ್ಲಿ ವಿಂಡೋಸ್ ಇದ್ದರೆ ಮ್ಯಾಕ್ ಫೈಲ್ ತಂದು ಏನೂ ಪ್ರಯೋಜನ ಇಲ್ಲ.

ಫೈನಲ್_ಇಯರ್:
ಮನೆಯಲ್ಲಿ ಅಕ್ಕನ ಮ್ಯಾಕ್‌ಬುಕ್‌ನಿಂದಲೇ ತಂದಿದ್ದು ಅಣ್ಣ! ವಿಂಡೋಸ್ 64 ಬಿಟ್‌ನದು ಮೂರೂ ತರುತ್ತೇನೆ.

ತುಂಗೆಯ_ದಡ:
ಲ್ಯಾಬ್ ಮೇಡಂ, ಮತ್ತೆ ನಿಮ್ಮ ವಿಷಯಕ್ಕೆ ಬರುತ್ತೇನೆ. 30 ಸಿಸ್ಟಂಗೆ ಒಂದೊಂದಾಗಿ ಸ್ಟೂಡೆಂಟ್ ಲಾಗಿನ್ ಮಾಡಿ ಜಿಪ್ ಇಡುವುದು ಆಗುವ ಮಾತೇ, ಆದರೆ ಮುಂದಿನ ಸೆಮಿಸ್ಟರ್‌ನಲ್ಲಿ ಟೆಂಪ್ಲೇಟ್ ತಿದ್ದಿದರೆ ಮತ್ತೆ 30 ಸಲ ಮಾಡಬೇಕು. ನಿಮ್ಮ ಜಾಗದಲ್ಲಿ ನಾನಿದ್ದರೆ ಟೆಂಪ್ಲೇಟ್ ಅನ್ನು ವಿಎಸ್‌ಐಎಕ್ಸ್ ಒಳಗೆ ಕೂರಿಸುತ್ತಿದ್ದೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ವಿಷುಯಲ್ ಸ್ಟುಡಿಯೋ ಇನ್‌ಸ್ಟಾಲರ್ ತೆರೆದು, ಮಾಡಿಫೈ ಒತ್ತಿ, ವಿಷುಯಲ್ ಸ್ಟುಡಿಯೋ ಎಕ್ಸ್‌ಟೆನ್ಶನ್ ಡೆವಲಪ್‌ಮೆಂಟ್ ಅನ್ನುವ ವರ್ಕ್‌ಲೋಡ್ ಟಿಕ್ ಮಾಡಿ. ಲ್ಯಾಬ್ ಸಿಸ್ಟಂಗಳಿಗೆ ಇದು ಬೇಡ. ಆಮೇಲೆ ಒಂದೇ ಸಲ್ಯೂಷನ್‌ನಲ್ಲಿ ಎರಡು ಪ್ರಾಜೆಕ್ಟ್ ಮಾಡಿ. ಒಂದು ಸಿ ಶಾರ್ಪ್ ಪ್ರಾಜೆಕ್ಟ್ ಟೆಂಪ್ಲೇಟ್, ಇನ್ನೊಂದು ವಿಎಸ್‌ಐಎಕ್ಸ್ ಪ್ರಾಜೆಕ್ಟ್. ಮೊದಲನೆಯದರಲ್ಲಿ ನಿಮ್ಮ ಫೈಲ್‌ಗಳು. ಎರಡನೆಯದರ ಮ್ಯಾನಿಫೆಸ್ಟ್ ತೆರೆದು, ಅಸೆಟ್ಸ್‌ನಲ್ಲಿ ಪ್ರಾಜೆಕ್ಟ್ ಟೆಂಪ್ಲೇಟ್ ಸೇರಿಸಿ. ಮೂಲ ಯಾವುದು ಅಂತ ಕೇಳಿದಾಗ ಇದೇ ಸಲ್ಯೂಷನ್‌ನ ಪ್ರಾಜೆಕ್ಟ್ ಅಂತ ಆರಿಸಿ. ಸಿದ್ಧ ಜಿಪ್ ತಂದು ತುರುಕಬೇಡಿ ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, 2017ರಿಂದ ವಿಷುಯಲ್ ಸ್ಟುಡಿಯೋ ವಿಎಸ್‌ಐಎಕ್ಸ್‌ನಿಂದ ಬಂದ ಟೆಂಪ್ಲೇಟ್‌ಗಳನ್ನು ಫೋಲ್ಡರ್ ಜಾಲಾಡಿ ಹುಡುಕುವುದಿಲ್ಲ. ವಿಎಸ್‌ಟಿಮ್ಯಾನ್ ಅನ್ನುವ ಒಂದು ಪಟ್ಟಿ ಫೈಲ್ ನೋಡುತ್ತದೆ. ಇದೇ ಸಲ್ಯೂಷನ್‌ನಿಂದ ಬಿಲ್ಡ್ ಮಾಡಿದರೆ ಆ ಪಟ್ಟಿ ತಾನೇ ತಯಾರಾಗುತ್ತದೆ.

ಲ್ಯಾಬ್ ಸಿಸ್ಟಂನಲ್ಲಿ ಕಮಾಂಡ್ ಪ್ರಾಂಪ್ಟ್ ಅಡ್ಮಿನ್ ಆಗಿ ತೆರೆಯಿರಿ. ವಿಷುಯಲ್ ಸ್ಟುಡಿಯೋ ಫೋಲ್ಡರ್‌ನ ಕಾಮನ್7, ಐಡಿಇ ಒಳಗೆ ವಿಎಸ್‌ಐಎಕ್ಸ್‌ಇನ್‌ಸ್ಟಾಲರ್ ಅನ್ನುವ ಪ್ರೋಗ್ರಾಂ ಇದೆ. ಅದಕ್ಕೆ ಸ್ಲ್ಯಾಶ್ ಕ್ವೈಟ್, ಸ್ಲ್ಯಾಶ್ ಅಡ್ಮಿನ್ ಅಂತ ಎರಡು ಆಯ್ಕೆ ಕೊಟ್ಟು, ಕೊನೆಗೆ ಫೈಲ್ ಹೆಸರು ಕೊಡಿ. ಅಡ್ಮಿನ್ ಅಂತ ಕೊಟ್ಟದ್ದರಿಂದ ಆ ಸಿಸ್ಟಂನ ಎಲ್ಲ ಲಾಗಿನ್‌ಗೂ ಸಿಗುತ್ತದೆ. ಕ್ವೈಟ್ ಅಂತ ಕೊಟ್ಟದ್ದರಿಂದ ಪರದೆಯ ಮೇಲೆ ಏನೂ ಬರುವುದಿಲ್ಲ. ಆಯಿತೋ ಇಲ್ಲವೋ ಅಂತ ಆ ಲಾಗ್‌ನಲ್ಲೇ ನೋಡಬೇಕು.

ಕಾಫಿ_ಕೋಡ್:
ಇದು ಒಳ್ಳೆಯ ದಾರಿ. ಆದರೂ ನಾನು ಇನ್ನೊಂದನ್ನು ಹೇಳಲೇಬೇಕು, ನನಗೆ ಅದು ಜಾಸ್ತಿ ಇಷ್ಟ. ಡಾಟ್‌ನೆಟ್ ನ್ಯೂ ಟೆಂಪ್ಲೇಟ್, ಅಂದರೆ ಟರ್ಮಿನಲ್‌ನಲ್ಲಿ ಕಮಾಂಡ್ ಬರೆದು ಹೊಸ ಪ್ರಾಜೆಕ್ಟ್ ಮಾಡುವ ದಾರಿ. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಡಾಟ್ ಟೆಂಪ್ಲೇಟ್ ಡಾಟ್ ಕಾನ್ಫಿಗ್ ಅಂತ ಒಂದು ಫೋಲ್ಡರ್, ಅದರೊಳಗೆ ಟೆಂಪ್ಲೇಟ್ ಡಾಟ್ ಜೇಸನ್ ಅಂತ ಒಂದೇ ಫೈಲ್. ಡಾಟ್‌ನೆಟ್ ನ್ಯೂ ಇನ್‌ಸ್ಟಾಲ್ ಅಂತ ಬರೆದು ಮುಂದೆ ಫೋಲ್ಡರ್ ದಾರಿ ಕೊಟ್ಟರೆ ಆಯಿತು. ಇಂಟರ್ನೆಟ್ ಬೇಡ, ನ್ಯೂಗೆಟ್ (ಡಾಟ್‌ನೆಟ್ ಪ್ಯಾಕೇಜ್‌ಗಳ ಭಂಡಾರ) ಬೇಡ. ನಾಳೆ ಮಕ್ಕಳು ಲಿನಕ್ಸ್‌ಗೆ ಹೋದರೂ ಅದೇ ಟೆಂಪ್ಲೇಟ್ ಬಳಸಬಹುದು.

ಹಳೆಯ ಬರಹಗಳಲ್ಲಿ ಇನ್‌ಸ್ಟಾಲ್ ಪದದ ಹಿಂದೆ ಎರಡು ಅಡ್ಡಗೆರೆ ಇರುತ್ತದೆ. ಅದು ಡಾಟ್‌ನೆಟ್ ಎಸ್‌ಡಿಕೆ (ಡಾಟ್‌ನೆಟ್ ಟೂಲ್‌ಗಳ ಕಟ್ಟು) 6ರವರೆಗಿನ ರೂಪ, 7ರಿಂದ ಅಡ್ಡಗೆರೆ ಇಲ್ಲದೆ ಬರೆಯುತ್ತೇವೆ. ಹಾಗೆಯೇ, ಫೋಲ್ಡರ್‌ನಿಂದ ಹಾಕಿದಾಗ ಅದು ಕಾಪಿ ಮಾಡಿಕೊಳ್ಳುವುದಿಲ್ಲ, ಆ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ ಅಷ್ಟೆ. ಪೆನ್‌ಡ್ರೈವ್‌ನಿಂದ ಹಾಕಿ ಪೆನ್‌ಡ್ರೈವ್ ತೆಗೆದರೆ ಟೆಂಪ್ಲೇಟ್ ಹೋಯಿತು. ಟರ್ಮಿನಲ್‌ನಲ್ಲಿ ಕಾಣುತ್ತಿದೆ, ವಿಷುಯಲ್ ಸ್ಟುಡಿಯೋದಲ್ಲಿ ಮಾತ್ರ ಕಾಣುತ್ತಿಲ್ಲ ಅಂದರೆ ಜೇಸನ್ ಫೈಲಿನ ಟ್ಯಾಗ್ಸ್‌ನಲ್ಲಿ ಟೈಪ್ ಅನ್ನುವುದಕ್ಕೆ ಪ್ರಾಜೆಕ್ಟ್ ಅಂತ ಕೊಟ್ಟಿದ್ದೀರಾ ನೋಡಿ. ಅದಿಲ್ಲದೆ ಅಲ್ಲಿ ಬರುವುದಿಲ್ಲ.

ಇದೂ ಒಬ್ಬೊಬ್ಬ ಬಳಕೆದಾರರಿಗೆ ಬೇರೆ ಬೇರೆ, ಅದು ಮಾತ್ರ ನಿಮಗೆ ತೊಡಕು.

ತುಂಗೆಯ_ದಡ:
ಅದಕ್ಕೇ ಈ ಲ್ಯಾಬ್‌ಗೆ ವಿಎಸ್‌ಐಎಕ್ಸ್ ಅಂದೆ. ಒಬ್ಬರೇ ಕೂತು ಕೆಲಸ ಮಾಡುವವರಿಗಾದರೆ ನಾನೂ ನಿಮ್ಮ ದಾರಿಯನ್ನೇ ಹೇಳುತ್ತಿದ್ದೆ.

ಲ್ಯಾಬ್_ಟೀಚರ್:
ಶನಿವಾರ ಸಂಜೆ ಬರೆಯುತ್ತಿದ್ದೇನೆ. ಮುಗಿಯಿತು!

ಮೊದಲು ಜಿಪ್ ಸರಿ ಮಾಡಿ ಒಂದು ಸಿಸ್ಟಂನಲ್ಲಿ ಸ್ಟೂಡೆಂಟ್ ಲಾಗಿನ್‌ನಲ್ಲಿ ಇಟ್ಟು ನೋಡಿದೆ. ಬಂತು. ಅಷ್ಟರಲ್ಲೇ ಅರ್ಧ ಜೀವ ಬಂದ ಹಾಗಾಯಿತು. ಆಮೇಲೆ ಸರ್ ಹೇಳಿದ ಹಾಗೆ ವಿಎಸ್‌ಐಎಕ್ಸ್ ಮಾಡಿದೆ. ಅಟೆಂಡರ್ ಅಣ್ಣ ಲ್ಯಾಬ್ ಬೀಗ ತೆಗೆದುಕೊಟ್ಟು ಜೊತೆಗೇ ಇದ್ದರು, ಅವರೇ ಒಂದೊಂದು ಸಿಸ್ಟಂ ಆನ್ ಮಾಡುತ್ತಾ ಹೋದರು, ನಾನು ಪೆನ್‌ಡ್ರೈವ್ ಹಿಡಿದು ಹಿಂದೆ ಹೋದೆ. ಕಮಾಂಡ್ ಅನ್ನು ಒಂದು ಬ್ಯಾಚ್ ಫೈಲ್‌ನಲ್ಲಿ ಬರೆದುಕೊಂಡಿದ್ದೆ.

28ರಲ್ಲಿ ಆಯಿತು. ಎರಡರಲ್ಲಿ ಆಗಲಿಲ್ಲ. ಮೊದಲಾಗಿದ್ದರೆ ಅಲ್ಲೇ ಅನ್‌ಇನ್‌ಸ್ಟಾಲ್ ಶುರು ಮಾಡುತ್ತಿದ್ದೆ. ಈ ಸಲ ಲಾಗ್ ತೆರೆದು ಕೆಳಗಿನಿಂದ ಓದಿದೆ. ಎರಡರಲ್ಲೂ ಒಂದೇ ಸಾಲು, ಮತ್ತೆ ಅದೇ, ಯಾವ ಪ್ರಾಡಕ್ಟ್‌ಗೂ ಹಾಕಲು ಆಗುವುದಿಲ್ಲ. 2022 ಇರುವಾಗ ಯಾಕೆ ಅಂತ ಹೆಲ್ಪ್ ಮೆನುವಿನ ಅಬೌಟ್ ತೆರೆದು ನೋಡಿದರೆ ಅವೆರಡರಲ್ಲಿ 17.4 ಇತ್ತು. ನಾನು ಮ್ಯಾನಿಫೆಸ್ಟ್‌ನಲ್ಲಿ ಎಲ್ಲಿಂದಲೋ ನೋಡಿ 17.8ರಿಂದ ಅಂತ ಬರೆದಿದ್ದೆ. 17.0ರಿಂದ ಅಂತ ತಿದ್ದಿ ಬಿಲ್ಡ್ ಮಾಡಿ ತಂದೆ, ಎರಡೂ ಹತ್ತಿದವು. ಇದಕ್ಕೆ ಹತ್ತು ನಿಮಿಷ ಹಿಡಿಯಿತು. ಮೊನ್ನೆ ರೀಇನ್‌ಸ್ಟಾಲ್ ಮಾಡುತ್ತಾ ಕೂತಿದ್ದ ಮಧ್ಯಾಹ್ನ ನೆನಪಾಗಿ ಬೇಜಾರಾಯಿತು.

ಒಂದು ಫೈಲ್‌ನಲ್ಲಿ ಮಾತ್ರ ಕಾಮೆಂಟ್‌ಗಳು ಪ್ರಶ್ನಾರ್ಥಕ ಚಿಹ್ನೆ ಆಗಿದ್ದವು, ಹಳೆಯ ಎಡಿಟರ್‌ನಲ್ಲಿ ತಿದ್ದಿದ್ದು ಅದು. ಕನ್ನಡ ಸಾಲುಗಳನ್ನು ಮತ್ತೆ ಕೂತು ಟೈಪ್ ಮಾಡಿ ಯುಟಿಎಫ್-8ನಲ್ಲಿ ಸೇವ್ ಮಾಡಿದೆ.

ಎಲ್ಲರಿಗೂ ಮನಸಾರೆ ಧನ್ಯವಾದ. ಯಾರೂ ನನ್ನನ್ನು ಇಷ್ಟೂ ಗೊತ್ತಿಲ್ಲವಾ ಅಂತ ಕೇಳಲಿಲ್ಲ.

ಫೈನಲ್_ಇಯರ್:
ನನ್ನದೂ ಆಯಿತು ಅಣ್ಣ. ಕೆಳಗಿನಿಂದ ಮೂರೂ ಹಾಕಿದೆ. ಸರ್ಟಿಫಿಕೇಟ್ ಬಗ್ಗೆ ಲ್ಯಾಬ್ ಸರ್ ಹತ್ತಿರ ಕೇಳಿದ್ದೇನೆ, ಸೋಮವಾರ ಕೊಡುತ್ತೇನೆ ಅಂದಿದ್ದಾರೆ. ಮೇಡಂ, ನಿಮ್ಮ ಆ ಕನ್ನಡ ಕಾಮೆಂಟ್ ಇರುವ ಟೆಂಪ್ಲೇಟ್ ಇಲ್ಲಿ ಹಾಕುತ್ತೀರಾ? ನಮ್ಮ ಜೂನಿಯರ್‌ಗಳಿಗೆ ಬೇಕಿತ್ತು.

ಲ್ಯಾಬ್_ಟೀಚರ್:
ಖಂಡಿತ ಹಾಕುತ್ತೇನೆ. ಸೋಮವಾರ ಮಕ್ಕಳು ಬಳಸಿ, ಅವರಿಗೆ ಎಲ್ಲಿ ಅರ್ಥವಾಗುವುದಿಲ್ಲವೋ ಅಲ್ಲಿ ಕಾಮೆಂಟ್ ತಿದ್ದಿ ಹಾಕುತ್ತೇನೆ. ವಿಎಸ್‌ಐಎಕ್ಸ್ ಒಂದು, ಕಾಫಿ ಸರ್ ಹೇಳಿದ ಡಾಟ್‌ನೆಟ್ ನ್ಯೂ ರೂಪದಲ್ಲಿ ಒಂದು.